ಹ್ಯಾಗ್‌ಷಾ ಮೈದಾನದಲ್ಲಿ ಬಕೆಟ್ ನಿಷೇಧ

ಸಿರಿಲ್ ಆಗ್ಡನ್ ಆಕಳಿಸಿದ್ದೇ ತಪ್ಪಾಯಿತು.

ಬರೀ ಬಾಯಿ ತೆರೆದು ಆಕಳಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹ್ಯಾಗ್‌ಷಾ ಅಲ್ಬಿಯನ್ ಫುಟ್‌ಬಾಲ್ ಕ್ಲಬ್ಬಿನ ಸಮಿತಿಯಲ್ಲಿ ಆಕಳಿಸದೆ ಕೂತವನು ಇನ್ನೂ ಹುಟ್ಟಿಲ್ಲ. ಆದರೆ ಸಿರಿಲ್ ಇಡೀ ದಿನ ಕಾರ್ಪೆಟ್ ಅಂಗಡಿಯಲ್ಲಿ ಸುರುಳಿ ಬಿಚ್ಚಿ ಸುತ್ತಿ ದಣಿದಿದ್ದವನು, ಮೈಮುರಿದು ಬಲಗೈಯನ್ನು ಸೂರಿನತ್ತ ಚಾಚಿ ಆಕಳಿಸಿದ. ಅದೇ ಗಳಿಗೆಗೆ ಅಧ್ಯಕ್ಷ ಕ್ರ್ಯಾಬ್‌ಟ್ರೀ, "ನಿಷೇಧದ ಪರವಾಗಿರೋರು ಕೈ ಎತ್ತಿ" ಅಂದಿದ್ದ.

ಮೈದಾನದೊಳಗೆ ದಾನಧರ್ಮಕ್ಕೆಂದು ದುಡ್ಡೆತ್ತಲು ಬಕೆಟ್ ಹಿಡಿದು ಬರುವವರನ್ನು ಬಿಡಬೇಕೋ ಬೇಡವೋ ಅನ್ನುವುದು ಅಂದಿನ ಚರ್ಚೆ. ಒಂದು ವಾರ ಬೀದಿಬೆಕ್ಕುಗಳಿಗೆ, ಮುಂದಿನ ವಾರ ಊರ ಬ್ಯಾಂಡಿನ ತುತ್ತೂರಿ ರಿಪೇರಿಗೆ, ಅದರ ಮುಂದಿನ ವಾರ ಸಮುದ್ರದಲ್ಲಿ ಮುಳುಗುವವರನ್ನು ಕಾಪಾಡುವ ದೋಣಿಗೆ. ಹ್ಯಾಗ್‌ಷಾದಿಂದ ಸಮುದ್ರ ಕಾಣಬೇಕಾದರೆ ಎರಡು ರೈಲು ಹಿಡಿಯಬೇಕು, ಅದು ಬೇರೆ ಮಾತು.

"ಅಭಿಮಾನಿಯ ಜೇಬು ಅಂದ್ರೆ ಹಸುವಿನ ಕೆಚ್ಚಲಿದ್ದ ಹಾಗೆ," ಎಂದು ಕ್ರ್ಯಾಬ್‌ಟ್ರೀ ವಿವರಿಸಿದ್ದ. ಕಿಟಕಿ ಮಾರಿ ದುಡ್ಡು ಮಾಡಿದ ಆಸಾಮಿ. ಎದುರಿಗಿದ್ದವನ ಎದೆಯೊಳಗೆ ಪರ್ಸು ಎಲ್ಲಿದೆಯೆಂದು ಗಾಜಿನಲ್ಲಿ ಕಂಡಂತೆ ಕಾಣುತ್ತಿತ್ತು ಅವನಿಗೆ. "ಟಿಕೆಟ್ಟಿಗೊಂದ್ಸಲ ಹಿಂಡ್ತೀವಿ, ತಿನ್ನೋ ಪೈಗೊಂದ್ಸಲ ಹಿಂಡ್ತೀವಿ. ನಡುವೆ ಕಂಡೋರೆಲ್ಲ ಬಂದು ಹಾಲು ಕರಕೊಂಡು ಹೋದ್ರೆ ನಮ್ಮ ಚೆಂಬಿಗೆ ಏನ್ರೀ ಬೀಳುತ್ತೆ?"

ಅರ್ಧ ಸಮಿತಿ ಅತ್ತ, ಅರ್ಧ ಸಮಿತಿ ಇತ್ತ. ಮೇಲೆ ಸಿರಿಲ್‌ನ ಕೈ.

"ನಿಷೇಧ ಜಾರಿ! ಇಷ್ಟು ಕಳಕಳಿ ನಿಮಗಿದೆ ಅಂತ ಗೊತ್ತಿರಲಿಲ್ಲ ಸಿರಿಲ್. ಶನಿವಾರ ಗೇಟಿನಲ್ಲಿ ನೀವೇ ನಿಂತ್ಕೊಳ್ಳಿ."

"ಅಯ್ಯೋ, ನಾನು ಆಕಳಿಸಿದ್ದು ಸಾರ್..."

ಆ ಹೊತ್ತಿಗೆ ಬಿಸಿಬಿಸಿ ಮಾಂಸದ ಪೈಗಳ ತಟ್ಟೆ ಒಳಗೆ ಬಂದಿತ್ತು. ಪೈ ಬಂದ ಮೇಲೆ ಹ್ಯಾಗ್‌ಷಾದಲ್ಲಿ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.

ಶನಿವಾರ ಬೆಳಗ್ಗೆ ಹೆಂಡತಿ ಹಿಲ್ಡಾ ಅವನ ಮುಂದೆ ಬೆಣ್ಣೆ ಸವರದ ಒಣ ಬ್ರೆಡ್ಡು ಕುಕ್ಕಿದಳು.

"ನಿಮ್ಮಮ್ಮ ಪ್ರಾಣ ಬಿಟ್ಟಿದ್ದು ಎಲ್ಲಿ?"

"ಲಾರ್ಕ್‌ಫೀಲ್ಡ್ ಶುಶ್ರೂಷಾಲಯದಲ್ಲಿ."

"ಕೊನೇವರೆಗೂ ಅವರ ಕೈ ಹಿಡ್ಕೊಂಡು ಕೂತಿದ್ದು ಯಾರು?"

"ವಿನಿಫ್ರೆಡ್ ಟ್ಯಾಟರ್ಸಾಲ್."

"ಇವತ್ತು ಅದೇ ವಿನಿಫ್ರೆಡ್, ಸಾಯೋರನ್ನ ನೋಡ್ಕೊಳ್ಳೋ ಅದೇ ಶುಶ್ರೂಷಾಲಯಕ್ಕೆ ದುಡ್ಡೆತ್ತೋಕೆ ಬಕೆಟ್ ಹಿಡ್ಕೊಂಡು ಬರ್ತಾರೆ. ಗೇಟಿನಲ್ಲಿ ಅವರನ್ನ ಅಟ್ಟೋನು ಯಾರು?"

"ನಾನು ಬೇಕಂತ ಕೈ ಎತ್ತಿದ್ದಲ್ಲ ಕಣೇ. ಆಕಳಿಕೆ ಬಂತು."

"ಚರ್ಚಿನಲ್ಲಿ ನನ್ನನ್ನ ಒಪ್ಕೊಂಡಾಗಲೂ ಹೀಗೇ ಆಕಳಿಕೆ ಬಂದಿತ್ತೇನೋ!" ಎಂದು ಹಿಲ್ಡಾ ಚಹಾದ ಕೆಟಲನ್ನೂ ಎತ್ತಿಕೊಂಡು ಒಳಗೆ ಹೋದಳು.

ಬೀದಿಗಿಳಿದರೆ ಸುದ್ದಿ ಅವನಿಗಿಂತ ಮುಂಚೆ ಇಳಿದಿತ್ತು. ಮಾಂಸದಂಗಡಿಯವನು, "ಸಾಯೋರ ಬಾಯಿಂದ ಕಿತ್ಕೊಂಡಿದ್ದು ಜೀರ್ಣ ಆಯ್ತಾ ಸಿರಿಲ್?" ಎಂದು ಕೂಗಿದ. ಪಕ್ಕದ ಮನೆಯ ನಾಯಿ ಎಂದೂ ಬೊಗಳದ್ದು ಅಂದು ಬೊಗಳಿತು. ಅದರ ಯಜಮಾನಿ, "ಬಿಡೋ, ನೀನು ಬೊಗಳೋಷ್ಟು ಮರ್ಯಾದೆಯೂ ಅವನಿಗೆ ಬೇಡ" ಎಂದು ಸುಮ್ಮನಾಗಿಸಿದಳು.

ಗೇಟಿನ ಬಳಿ ಹಳದಿ ಜಾಕೀಟು ತೊಟ್ಟು, ಕೈಯಲ್ಲೊಂದು ವಾಕಿಟಾಕಿ ಹಿಡಿದು ನಿಂತ ಸಿರಿಲ್ ಬೆದರುಬೊಂಬೆಯ ಹಾಗೆ ಕಾಣುತ್ತಿದ್ದ. ವ್ಯತ್ಯಾಸವೆಂದರೆ ಬೆದರುಬೊಂಬೆಗೆ ಕಾಗೆಗಳು ಹೆದರುತ್ತವೆ.

ವಿನಿಫ್ರೆಡ್ ಟ್ಯಾಟರ್ಸಾಲ್ ಬಂದರು. ಎಪ್ಪತ್ತು ದಾಟಿದ ಹೆಂಗಸು, ಗುಬ್ಬಿಯಷ್ಟು ಮೈ, ದಂಡನಾಯಕನ ನಡಿಗೆ. ಕೈಯಲ್ಲಿ ನೀಲಿ ಬಕೆಟ್ಟು.

"ಜರುಗಪ್ಪಾ ಸಿರಿಲ್."

"ಅಮ್ಮಾ, ಬಕೆಟ್ ಒಳಗೆ ಬಿಡೋ ಹಾಗಿಲ್ಲ. ನೀವು ಬನ್ನಿ, ಬಕೆಟ್ ಹೊರಗಿರಲಿ."

"ಐವತ್ತು ವರ್ಷದಿಂದ ನೋಡ್ತಿದೀನಿ, ನಿಮ್ಮ ಆಟ ಬಕೆಟ್ ಇಲ್ದೆ ನೋಡೋ ಹಾಗಿಲ್ಲಪ್ಪಾ, ವಾಂತಿ ಬರುತ್ತೆ." ಅಷ್ಟು ಹೇಳಿ ಅವರು ಒಂದು ಹೆಜ್ಜೆ ಹಿಂದೆ ಸರಿದು ಗೇಟಿನಾಚೆಯ ಫುಟ್‌ಪಾತಿನ ಮೇಲೆ ನಿಂತರು. "ಇದು ಪುರಸಭೆ ಜಾಗ. ಇಲ್ಲಿ ನಿಲ್ಲಬಹುದಲ್ಲ?"

ಸಿರಿಲ್‌ಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ವಾಕಿಟಾಕಿ ಕರಕರ ಅಂದಿತು. ಮೇಲೆ ಅಧ್ಯಕ್ಷರ ಕೋಣೆಯ ಕಿಟಕಿಯಲ್ಲಿ ಕ್ರ್ಯಾಬ್‌ಟ್ರೀ ದುರ್ಬೀನು ಹಿಡಿದು ನಿಂತಿದ್ದ.

"ಸಿರಿಲ್! ಕಾಲು ಹೊರಗಿದೆ ಸರಿ, ಕೈ ಎಲ್ಲಿದೆ ನೋಡ್ರೀ! ಬಕೆಟ್ ಚಾಚಿದಾಗ ಒಳಗೆ ಬರ್ತಿದೆ!"

"ಅಮ್ಮಾ, ಸ್ವಲ್ಪ ಮೊಣಕೈ ಮಡಚ್ಕೊಳ್ತೀರಾ?"

ವಿನಿಫ್ರೆಡ್ ಅವನನ್ನು ನೋಡಿದ ನೋಟಕ್ಕೆ ಹಾಲಿದ್ದರೆ ಒಡೆಯುತ್ತಿತ್ತು.

ಇದನ್ನೆಲ್ಲ ಹಿಂದೆ ನಿಂತು ನೋಡುತ್ತಿದ್ದವನು ಲೆನ್ ಕ್ಲೆಗ್. ಅಲ್ಬಿಯನ್ನಿನ ಅತಿ ದೊಡ್ಡ ಅಭಿಮಾನಿ, ಅತಿ ದೊಡ್ಡ ಗಂಟಲು. ಬಕೆಟ್ಟು ಹತ್ತಿರ ಬಂದಾಗಲೆಲ್ಲ ಅವನಿಗೆ ಆಕಾಶದಲ್ಲಿ ಏನೋ ಕಾಣಿಸುತ್ತಿತ್ತು. ಬಕೆಟ್ಟು ದಾಟಿ ಹೋದ ಮೇಲೆ ಮಾಯವಾಗುತ್ತಿತ್ತು. ಜೀವಮಾನದಲ್ಲಿ ಒಂದು ಕಾಸು ಹಾಕಿದವನಲ್ಲ. ಇವತ್ತು ಅವನ ರಕ್ತ ಕುದಿಯಿತು.

"ದಾನ ಮಾಡೋದು ನಮ್ಮ ಹಕ್ಕು ಕಣ್ರೋ! ಈ ಹಳದಿ ಜಾಕೀಟು ಯಾವೋನು ತಡೆಯೋಕೆ?"

"ನೀನು ಯಾವತ್ತು ಹಾಕಿದ್ದೆ ಲೆನ್?" ಎಂದು ಸಿರಿಲ್ ಮೆಲ್ಲಗೆ ಕೇಳಿದ.

"ಹಾಕಬೇಕು ಅಂತಿದ್ದೆ! ಇವತ್ತೇ ಹಾಕಬೇಕು ಅಂತ ಮನೆಯಿಂದ ಹೊರಟಿದ್ದೆ! ನನ್ನ ಪುಣ್ಯಕ್ಕೆ ಕಲ್ಲು ಹಾಕಿದೆಯಲ್ಲೋ!"

ಸರತಿಯಲ್ಲಿದ್ದವರೆಲ್ಲ ಹೌದು ಹೌದೆಂದರು. ಇಷ್ಟೊಂದು ಜನ ಅದೇ ದಿನ ದಾನಶೂರರಾಗಲು ಹೊರಟಿದ್ದರೆಂದು ವಿನಿಫ್ರೆಡ್ಡರಿಗೂ ಗೊತ್ತಿರಲಿಲ್ಲ. ಅವರ ಬಕೆಟ್ಟು ಮಾತ್ರ ಖಾಲಿಯಾಗಿಯೇ ಇತ್ತು. ಕೂಗುವುದಕ್ಕೆ ಎರಡೂ ಕೈ ಬಾಯಿಯ ಬಳಿ ಬೇಕಿತ್ತು ನೋಡಿ, ಜೇಬಿಗೆ ಹೋಗಲು ಯಾವ ಕೈಗೂ ಬಿಡುವಿರಲಿಲ್ಲ.

ಆಟ ಶುರುವಾಯಿತು. ಯಾವಾಗಲೂ ರೆಫರಿಗೆ ಮೀಸಲಾಗಿದ್ದ ಬೈಗುಳದ ಹಾಡುಗಳೆಲ್ಲ ಹೆಸರು ಬದಲಿಸಿಕೊಂಡು ಸಿರಿಲ್‌ನ ಕಡೆ ತಿರುಗಿದವು. ರೆಫರಿಗೆ ಮೊದಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ಸುಖವಾಗಿ ಓಡಾಡತೊಡಗಿದ.

ವಾಕಿಟಾಕಿಗೆ ಮಾತ್ರ ಸುಖವಿರಲಿಲ್ಲ. "ಸಿರಿಲ್, ಪೂರ್ವದ ಗ್ಯಾಲರಿ ಮೆಟ್ಟಿಲ ಹತ್ರ ಒಬ್ಬಳು ಕೋಟಿನೊಳಗೆ ಏನೋ ಬಚ್ಚಿಟ್ಕೊಂಡಿದಾಳೆ. ಬೆಕ್ಕಿನ ಸಂಘದೋಳೇ ಇರಬೇಕು!"

ಸಿರಿಲ್ ಓಡಿದ. "ಅಮ್ಮಾ, ಕೋಟಿನೊಳಗೆ ಇರೋದನ್ನ ಹೊರಗೆ ತೆಗೀರಿ."

"ಮಾರ್ಚಿಗೆ ತೆಗೀತೀನಿ," ಎಂದಳು ಆಕೆ. ತುಂಬು ಬಸುರಿ. ಪಕ್ಕದಲ್ಲಿದ್ದ ಗಂಡ ಎದ್ದು ನಿಂತ. ಅವನು ನಿಲ್ಲುತ್ತಲೇ ಹೋದ; ಅಷ್ಟು ಎತ್ತರ. ಸಿರಿಲ್ ಬಂದದ್ದಕ್ಕಿಂತ ಜೋರಾಗಿ ವಾಪಸು ಓಡಿದ.

ಏದುಸಿರು ಬಿಡುತ್ತ ಅಂಕಣದ ಗೆರೆಯ ಬಳಿ ನಿಂತಾಗ ವಾಕಿಟಾಕಿ ಮತ್ತೆ ಕಿರುಚಿತು: "ಬಕೆಟ್! ಬಕೆಟ್! ನಿಮ್ಮ ಮುಂದೇನೇ ಹೋಗ್ತಿದೆ, ಹಿಡೀರಿ!"

ನಿಜವಾಗಿ ಹೋಗುತ್ತಿತ್ತು. ದಪ್ಪಗಿನವನೊಬ್ಬ ತಲೆ ತಗ್ಗಿಸಿ ಬಕೆಟ್ ಹಿಡಿದು ಓಡುತ್ತಿದ್ದ. ಬೆಳಗಿನಿಂದ ಉಂಡ ಅವಮಾನವೆಲ್ಲ ಸಿರಿಲ್‌ನ ಕಾಲಿಗಿಳಿಯಿತು. ಬೆನ್ನಟ್ಟಿ ಬಕೆಟ್ಟಿನ ಹಿಡಿಗೆ ಜೋತುಬಿದ್ದ.

"ಬಿಡೋ ಲೇ!"

"ಬಿಡಲ್ಲ! ನಿಷೇಧ ಇದೆ!"

"ಅಲ್ಲಿ ನಮ್ಮ ಹುಡುಗ ಮೊಣಕಾಲು ಹಿಡ್ಕೊಂಡು ಹೊರಳಾಡ್ತಿದಾನೆ ಕಣೋ ಕತ್ತೆ!"

ಅವನು ಅಲ್ಬಿಯನ್ ತಂಡದ ಉಪಚಾರಕ. ಬಕೆಟ್ಟಿನಲ್ಲಿದ್ದದ್ದು ಐಸು ನೀರು ಮತ್ತು ಸ್ಪಂಜು. ಇಷ್ಟು ಸಿರಿಲ್‌ಗೆ ಅರ್ಥವಾಗುವಷ್ಟರಲ್ಲಿ ಉಪಚಾರಕ ಎಳೆದ, ಸಿರಿಲ್ ಬಿಟ್ಟ, ಅಲ್ಲ, ಬಿಟ್ಟೆನೆಂದುಕೊಂಡ. ಜಾಕೀಟಿನ ತೋಳು ಹಿಡಿಗೆ ಸಿಕ್ಕಿಕೊಂಡಿತ್ತು. ಅವನು ಬಕೆಟ್ಟಿನ ಸಮೇತ ಗೆರೆ ದಾಟಿ ಹಾರಿ, ಕೆಸರಿನಲ್ಲಿ ಜಾರಿ, ಗೋಲಿನ ಕಡೆ ಚೆಂಡು ಕೊಂಡೊಯ್ಯುತ್ತಿದ್ದ ಅಲ್ಬಿಯನ್ನಿನದೇ ಆಟಗಾರನ ಕಾಲಿಗೆ ಅಡ್ಡ ಬಿದ್ದ. ಬಕೆಟ್ಟು ಕಿರೀಟದ ಹಾಗೆ ತಲೆಯ ಮೇಲೆ ಕೂತು ಗದ್ದದವರೆಗೆ ಇಳಿಯಿತು. ಸಿರಿಲ್‌ನ ಕಾಲಿನ ಕಡೆಯಿಂದ ಕಟಕ್ಕೆಂದು ಸದ್ದು ಬಂತು.

ರೆಫರಿ ಬಂದು ಬಕೆಟ್ಟಿಗೆ ಕೆಂಪು ಕಾರ್ಡು ತೋರಿಸಿದ.

ಇಡೀ ಮೈದಾನ ಹೊಟ್ಟೆ ಹಿಡಿದು ನಕ್ಕಿತು. ಬಕೆಟ್ಟು ಎತ್ತಿದಾಗ ಒಳಗಿನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು, ಕಣ್ಣಲ್ಲಿ ನೀರಿತ್ತು. ನಗು ಅರ್ಧಕ್ಕೇ ನಿಂತಿತು.

ಮೊದಲು ಅವನ ಬಳಿ ಬಂದವರು ವಿನಿಫ್ರೆಡ್. ಗೇಟಿನಲ್ಲಿ ತಡೆಯುವವನು ಮಲಗಿದ್ದನಾದ್ದರಿಂದ ಅವರು ಬಕೆಟ್ ಸಮೇತ ನೆಟ್ಟಗೆ ಒಳಗೆ ಬಂದಿದ್ದರು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗುಬ್ಬಿಯ ಮೈಯಿಂದ ಗೂಳಿಯ ದನಿ ತೆಗೆದರು:

"ಏನ್ರೋ ನಗ್ತೀರಾ? ಕಾಲು ಮುರ್ಕೊಂಡಿದಾನೆ! ನಾಳೆಯಿಂದ ಕಾರ್ಪೆಟ್ ಯಾರು ಹೊರ್ತಾರೆ ಇವನ ಬದಲು, ನೀವಾ?"

ಲೆನ್ ಕ್ಲೆಗ್ ಎದ್ದು ನಿಂತ. ಒಮ್ಮೆ ಆಕಾಶ ನೋಡಿದ. ಅಂದು ಅಲ್ಲೇನೂ ಕಾಣಿಸಲಿಲ್ಲ. ಅಧ್ಯಕ್ಷರ ಕಿಟಕಿಯತ್ತ ಮುಷ್ಟಿ ತೋರಿಸಿ, "ನಿನ್ನ ನಿಷೇಧಕ್ಕೆ ಬೆಂಕಿ ಹಾಕ! ಇದು ಸಿರಿಲ್‌ನ ಕಾಲಿಗೆ!" ಎಂದು ಕೂಗಿ ನಾಣ್ಯವೊಂದನ್ನು ವಿನಿಫ್ರೆಡ್ಡರ ಬಕೆಟ್ಟಿಗೆ ಎಸೆದ. ಅಷ್ಟೇ. ಬೇಡವೆಂದದ್ದನ್ನು ಮಾಡುವುದರಲ್ಲಿ ಹ್ಯಾಗ್‌ಷಾದವರಿಗೆ ಸಿಗುವ ಸುಖ ಸ್ವರ್ಗದಲ್ಲೂ ಸಿಗುವುದಿಲ್ಲ. ಮೆಟ್ಟಿಲು ಮೆಟ್ಟಿಲಿನಿಂದ ಜನ ಇಳಿದು ಬಂದರು. ನಾಣ್ಯ ಬಿತ್ತು, ನೋಟು ಬಿತ್ತು, ಎದುರು ತಂಡದವರ ನೋಟೂ ಬಿತ್ತು. ಬಸುರಿಯ ಗಂಡ ಕೂಡ ಮುಖ ಸಿಂಡರಿಸಿಕೊಂಡೇ ಏನನ್ನೋ ಹಾಕಿದ. ನೀಲಿ ಬಕೆಟ್ಟು ತುಂಬಿ ಕಂಠದವರೆಗೆ ಬಂತು.

ಸ್ಟ್ರೆಚರಿನ ಮೇಲೆ ಮಲಗಿದ ಸಿರಿಲ್ ಬಿಕ್ಕಿ ಬಿಕ್ಕಿ ಅತ್ತ. ಎಷ್ಟು ಒಳ್ಳೆಯ ಜನ! ಬೆಳಗ್ಗೆ ಅವರ ಬಗ್ಗೆ ಅಂದುಕೊಂಡದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸು ತೆಗೆದುಕೊಂಡ.

ಆಂಬುಲೆನ್ಸಿನ ಬಾಗಿಲಲ್ಲಿ ಕ್ರ್ಯಾಬ್‌ಟ್ರೀ ಕಾದಿದ್ದ. ಕಣ್ಣು ಬಕೆಟ್ಟಿನ ಮೇಲೆ.

"ಸಿರಿಲ್, ನನ್ನ ಕಣ್ಣು ತೆರೆಸಿಬಿಟ್ರಿ! ನಿಷೇಧ ಈಗಿಂದೀಗಲೇ ರದ್ದು. ಮುಂದಿನ ವಾರದಿಂದ ಮೈದಾನದಲ್ಲಿ ಬಕೆಟ್ ಬರುತ್ತೆ. ನಮ್ಮ ಚಾವಣಿ ರಿಪೇರಿಗೆ. ಗೇಟಿನಲ್ಲಿ ಗಾಲಿಕುರ್ಚಿ ಹಾಕಿ ನಿಮ್ಮನ್ನ ಕೂರಿಸ್ತೀವಿ, ಕಾಲು ಮುಂದಕ್ಕೆ ಚಾಚಿ. ಪ್ಲಾಸ್ಟರು ಚೆನ್ನಾಗಿ ದಪ್ಪಗೆ ಹಾಕಿಸ್ಕೊಳ್ಳಿ."

"ಆಹಾ!" ಎಂದರು ವಿನಿಫ್ರೆಡ್. "ಕಾಲು ಮುರಿದಿದ್ದು ನಮ್ಮ ಬಕೆಟ್ಟಿನ ಜಗಳದಲ್ಲಿ. ಆ ಕಾಲು ಶುಶ್ರೂಷಾಲಯಕ್ಕೆ ಸೇರಬೇಕು."

"ಮುರಿದಿದ್ದು ನಮ್ಮ ಮೈದಾನದಲ್ಲಿ ಕಣಮ್ಮಾ! ಕಾಲು ಕ್ಲಬ್ಬಿಂದು!"

"ಕಾಲು ನಂದು..." ಎಂದ ಸಿರಿಲ್. ಆಂಬುಲೆನ್ಸಿನವನು ಬಿಟ್ಟರೆ ಯಾರಿಗೂ ಅದು ಕೇಳಿಸಲಿಲ್ಲ.

ಕಾಲಿನ ವಾರಸುದಾರರೆಲ್ಲ ಹಿಂದೆಯೇ ಆಸ್ಪತ್ರೆಗೆ ಬಂದರು. ಕ್ರ್ಯಾಬ್‌ಟ್ರೀ ಬಂದ, ಬಕೆಟ್ಟು ಮಡಿಲಲ್ಲಿಟ್ಟುಕೊಂಡು ವಿನಿಫ್ರೆಡ್ ಬಂದರು, ಮೊದಲು ದಾನ ಮಾಡಿದವನೆಂಬ ಅಧಿಕಾರದಿಂದ ಲೆನ್ ಕ್ಲೆಗ್ ಒಂದು ಹಿಂಡನ್ನೇ ಕರೆತಂದ. ಹಿಲ್ಡಾ ರಾತ್ರಿಯುಡುಪು, ಟವೆಲು, ಹಲ್ಲುಜ್ಜುವ ಬ್ರಷ್ಷು ತುಂಬಿದ ಚೀಲ ಹಿಡಿದು ಓಡಿಬಂದಳು. ಬೆಳಗಿನ ಸಿಟ್ಟು ಹೋಗಿತ್ತು. ಅವನ ಕೂದಲಿಂದ ಕೆಸರು ಒರೆಸಿ, "ಬೆಣ್ಣೆ ಹಚ್ಚಿ ಕೊಡಬೇಕಿತ್ತು ಕಣ್ರೀ," ಎಂದಳು.

ಕೊನೆಗೆ ಯುವ ಡಾಕ್ಟರೊಬ್ಬಳು ಎಕ್ಸ್‌ರೇ ಹಿಡಿದು ನಗುತ್ತ ಬಂದಳು.

"ಒಳ್ಳೇ ಸುದ್ದಿ! ಕಾಲು ಮುರಿದಿಲ್ಲ. ಸ್ವಲ್ಪ ಉಳುಕಿದೆ ಅಷ್ಟೇ. ಎದ್ದು ನಡ್ಕೊಂಡು ಮನೆಗೆ ಹೋಗಬಹುದು."

ಯಾರೋ ಸತ್ತ ಸುದ್ದಿ ಬಂದ ಹಾಗೆ ಎಲ್ಲರ ಮುಖವೂ ಜೋತುಬಿತ್ತು.

"ಇನ್ನೊಂದ್ಸಲ ಸರಿಯಾಗಿ ನೋಡಿ ಡಾಕ್ಟ್ರೇ," ಎಂದ ಕ್ರ್ಯಾಬ್‌ಟ್ರೀ ಬೇಡಿಕೊಳ್ಳುವ ದನಿಯಲ್ಲಿ. "ಎಲ್ಲಾದ್ರೂ ಒಂದು ಸಣ್ಣ ಬಿರುಕು?"

"ಒಂದು ಗೀರೂ ಇಲ್ಲ."

"ಹಾಗಾದ್ರೆ ಆ ಕಟಕ್ ಅನ್ನೋ ಸದ್ದು?" ಎಂದ ಲೆನ್.

"ಇದಾ?" ಡಾಕ್ಟರು ಸಿರಿಲ್‌ನ ಪ್ಯಾಂಟಿನ ಜೇಬಿನಿಂದ ತೆಗೆದಿಟ್ಟಿದ್ದ ಕನ್ನಡಕದ ಪೆಟ್ಟಿಗೆಯನ್ನು ತೋರಿಸಿದಳು. ಎರಡು ಹೋಳಾಗಿತ್ತು.

"ಮೋಸ!" ಲೆನ್ ಕ್ಲೆಗ್‌ನ ಗಂಟಲಿಗೆ ಆಸ್ಪತ್ರೆಯ ಗಾಜುಗಳು ನಡುಗಿದವು. "ಮುರಿದ ಕಾಲು ಅಂತ ಕೊಟ್ಟಿದ್ದು ನಾವು! ಉಳುಕಿದ ಕಾಲಿಗೆ ಯಾವೋನು ಕೊಡ್ತಾನೆ? ನಮ್ಮ ದುಡ್ಡು ವಾಪಸ್ ಕೊಡು!"

ಹಿಂಡಿನವರೆಲ್ಲ ತಾವು ಕೊಟ್ಟದ್ದನ್ನು ಹೇಳತೊಡಗಿದರು. ದಾನ ಆಸ್ಪತ್ರೆಯ ಹವೆಗೆ ಊದಿಕೊಂಡಿತ್ತು. ನಾಣ್ಯ ಎಸೆದವರಿಗೆ ನೋಟು ಎಸೆದ ನೆನಪು, ಏನೂ ಎಸೆಯದವರಿಗೆ ಅದಕ್ಕಿಂತ ಚೆನ್ನಾಗಿ ನೆನಪು. ಕ್ರ್ಯಾಬ್‌ಟ್ರೀ ನಡುವೆ ನಿಂತು ಲೆನ್‌ನ ಜೊತೆ ಕಚ್ಚಾಡುತ್ತಿದ್ದ.

ಆಗ ಸಿರಿಲ್‌ನ ಕಣ್ಣಿಗೆ ಬಿತ್ತು. ಗೋಡೆಯ ಪಕ್ಕದಿಂದ ವಿನಿಫ್ರೆಡ್ ಟ್ಯಾಟರ್ಸಾಲ್ ಎದ್ದಿದ್ದರು. ಬಕೆಟ್ಟಿನ ಮೇಲೆ ಕೋಟು ಹೊದಿಸಿದ್ದರು. ಅವನ ಹಾಸಿಗೆ ದಾಟುವಾಗ ಬಗ್ಗಿ ಪಿಸುಗುಟ್ಟಿದರು: "ಕಾಲಿಗೆ ಅಂತ ಬಂದಿದ್ದು. ಕಾಲಿಗೆ ಬೇಕಿಲ್ಲ. ಬೇಕಾದೋರ ಹತ್ರ ಹೋಗ್ತಿದೀನಿ ಮಗಾ."

ಅವನು ಕೂಗಬಹುದಿತ್ತು. ಬೆಳಗಿನಿಂದ ಅದೇ ತಾನೆ ಅವನ ಕೆಲಸ? ಅಮ್ಮನ ಕೊನೆಯ ರಾತ್ರಿ ಆ ಪುಟ್ಟ ಕೈ ಹಾಸಿಗೆಯಂಚಿನಲ್ಲಿ ಹೇಗಿತ್ತೆಂಬುದು ನೆನಪಾಯಿತು. ಸಿರಿಲ್ ಬಾಯಿ ಮುಚ್ಚಿಕೊಂಡು ಸೂರು ನೋಡಿದ. ಆ ದಿನ ಅವನು ತಿಳಿದೂ ತಿಳಿದು ಮಾಡಿದ ಕೆಲಸ ಅದೊಂದೇ.

"ಬಕೆಟ್ ಎಲ್ಲಿ?" ಎಂದು ಯಾರೋ ಕೇಳುವ ಹೊತ್ತಿಗೆ ಲಾರ್ಕ್‌ಫೀಲ್ಡಿನ ಬಸ್ಸು ಹೊರಟುಹೋಗಿತ್ತು.

ಎಲ್ಲರೂ ಹಾಸಿಗೆಯ ಕಡೆ ತಿರುಗಿದರು.

"ನೋಡಿದ್ರಾ?" ಎಂದ ಕ್ರ್ಯಾಬ್‌ಟ್ರೀ, ಎರಡೂ ಕೈ ಚೆಲ್ಲಿ. "ಇದಕ್ಕೇ ಬಕೆಟ್ ಬೇಡ ಅಂತ ನಾನು ಬಡ್ಕೊಂಡಿದ್ದು! ನಿಷೇಧ ಹಾಗೇ ಮುಂದುವರಿಯುತ್ತೆ. ಕಾಲಿನ ಹೆಸರಲ್ಲಿ ಎದ್ದ ದುಡ್ಡು, ಕಾಲಿನ ಯಜಮಾನನೇ ವಾಪಸ್ ಕೊಡಬೇಕು. ಮುಂದಿನ ಶನಿವಾರ ಗೇಟಿನಲ್ಲಿ ನಿಂತ್ಕೊಂಡು ಎಲ್ಲರಿಗೂ ಕೊಡ್ತಾ ಹೋಗ್ರೀ ಸಿರಿಲ್. ನಿಲ್ಲೋಕೆ ಕಾಲು ಗಟ್ಟಿಯಾಗಿದೆಯಲ್ಲ, ದೇವರ ದಯೆ."

ಲೆನ್ ಕ್ಲೆಗ್‌ಗೆ ಶನಿವಾರದವರೆಗೆ ತಾಳ್ಮೆಯಿರಲಿಲ್ಲ. ಅವನ ಅಂಗೈ ಆಗಲೇ ಸಿರಿಲ್‌ನ ಮೂಗಿನ ಕೆಳಗಿತ್ತು.

ಸಿರಿಲ್ ದಿಕ್ಕು ತೋಚದೆ ಹೆಂಡತಿಯ ಮುಖ ನೋಡಿದ. ಹಿಲ್ಡಾ ಒಮ್ಮೆ ಚೀಲವನ್ನು ನೋಡಿದಳು, ಒಮ್ಮೆ ಬೆಳಕಿಗೆ ಹಿಡಿದಿದ್ದ ಎಕ್ಸ್‌ರೇ ನೋಡಿದಳು, ಆಮೇಲೆ ಗಂಡನನ್ನು.

"ಇಡೀ ಊರು ನಿಮ್ಮ ಒಂದು ಕಾಲನ್ನ ನಂಬ್ಕೊಂಡಿತ್ತು," ಎಂದಳು. "ಅದನ್ನಾದ್ರೂ ನೆಟ್ಟಗೆ ಮುರ್ಕೊಳ್ಳೋಕೆ ಆಗ್ಲಿಲ್ವಲ್ರೀ ನಿಮ್ಮ ಕೈಲಿ!"