ಬಲಕ್ಕೆ ಹಿಂದಿನ ಡಬ್ಬಿ

ಬೇಡಕಿಹಾಳದ ನಮ್ಮ ಕಾಕಾನ ಮನೆಗೆ ಹೋದವರಿಗೆ ಮೊದಲು ನೀರು ಕೊಡುವುದಿಲ್ಲ, ಕುರ್ಚಿ ಕೊಡುತ್ತಾರೆ. ಅದರಲ್ಲೇನು ವಿಶೇಷ ಎನ್ನುತ್ತೀರಾ? ಒಮ್ಮೆ ಕೂತು ನೋಡಿ! ಆ ಕುರ್ಚಿಯಿಂದ ಎದ್ದು ಬಂದವರು ಮತ್ತೆ ಆ ಓಣಿಗೆ ಕಾಲಿಡುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಕೊಲ್ಲಾಪುರದಲ್ಲಿ ಐಟಿಐ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬನ ಟೇಪ್ ರೆಕಾರ್ಡರಿನಿಂದ ಅವನಿಗೆ ರಾಕ್ ಸಂಗೀತದ ಹುಚ್ಚು ಅಂಟಿತು. ಹಾಡಿನ ಮಾತು ಒಂದೂ ತಿಳಿಯದು, ಆದರೆ ಗಿಟಾರು ಎಲ್ಲಿ ಏಳುತ್ತದೆ, ಎಲ್ಲಿ ಬೀಳುತ್ತದೆ ಎಂಬುದು ಬಾಯಿಪಾಠ. ನಿವೃತ್ತನಾದ ವರ್ಷವೇ ಯಾರೋ ಪುಣೆಯವರು ಅವನ ಕಿವಿಗೆ ಊದಿದರು: ಆ ಹಳೆಯ ಆಲ್ಬಂಗಳ ಮೂಲ ಟೇಪುಗಳನ್ನು ಬಿಚ್ಚಿ, ಸುತ್ತಲೂ ಕೇಳಿಸುವಂತೆ ರೀಮಿಕ್ಸ್ ಮಾಡಿ, ಹೈ ರೆಸೊಲ್ಯೂಷನ್ ಡಿಸ್ಕುಗಳಲ್ಲಿ ತರುತ್ತಿದ್ದಾರಂತೆ. ಮುಗಿಯಿತು. ಮರುತಿಂಗಳೇ ಕಾಕಾನ ಪಡಸಾಲೆಯಲ್ಲಿ ಐದು ಸ್ಪೀಕರ್ ಡಬ್ಬಿಗಳೂ ಕಣಜದಂಥ ಒಂದು ವೂಫರೂ ಬಂದು ಕೂತವು.

"ಮೊದಲ ಗಿಟಾರು, ಡ್ರಮ್ಮು, ಹಾಡಾಂವ, ಎಲ್ಲಾರೂ ಒಂದ ಮನ್ಯಾಗ ಇದ್ರು" ಎಂದು ಕಾಕಾ ನನಗೆ ವಿವರಿಸಿದ. ಅವನಿಗೆ ನಾನು ಇನ್ನೂ ಬಾಳಾ, ಅಂದರೆ ಕೂಸು. "ಈಗ ಬ್ಯಾರೆ ಆಗ್ಯಾರ ಬಾಳಾ. ಒಬ್ಬೊಬ್ಬಾಂವ ಒಂದೊಂದು ಮೂಲಿ ಹಿಡದಾನ. ಆದ್ರ ಮಾತ ಬಿಟ್ಟಿಲ್ಲ."

ಬೇರೆಯಾದ ಮೇಲೂ ಮಾತು ಬಿಡದ ಮನೆತನವನ್ನು ನಾನು ನಮ್ಮ ಕಡೆ ಕಂಡಿರಲಿಲ್ಲ. ಹಾಗಾಗಿ ಸಂಗೀತದ ಬಗ್ಗೆ ಗೌರವ ಹುಟ್ಟಿತು.

ಇದಕ್ಕೆ ಫೈವ್ ಪಾಯಿಂಟ್ ಒನ್ ಎನ್ನುತ್ತಾರೆ ಎಂದು ಕಾಕಾ ಹೇಳಿದಾಗ ಕಾಕಿ ಅಡುಗೆಮನೆಯಿಂದಲೇ ಕೇಳಿದಳು. "ಆ ಸಣ್ಣ ಐದು ಡಬ್ಬಿಗೆ ಒಂದೊಂದು ಲೆಕ್ಕ, ಇಷ್ಟ ದೊಡ್ಡದಕ್ಕ ಬರೇ ಪಾಯಿಂಟ್ ಒನ್ ಏನ್ರಿ? ಈ ಮನ್ಯಾಗ ನನ್ನ ಲೆಕ್ಕಾನೂ ಹಂಗ ಐತಿ."

ಅವಳ ಸಿಟ್ಟಿಗೆ ಕಾರಣವಿತ್ತು. ಗೋಡೆಗೆ ಬಡಿದು ಸದ್ದು ತಿರುಗಿ ಬರುತ್ತದೆಂದು ಕಾಕಾ ಅವಳು ಹಳೆಯ ಸೀರೆಗಳಿಂದ ಹೊಲಿದ ಆರೂ ಕೌದಿಗಳನ್ನು ಗೋಡೆಗೆ ಜಡಿದುಬಿಟ್ಟಿದ್ದ. ನೂಲಿನ ಸೀರೆಯ ಕೌದಿ ಸದ್ದು ನುಂಗುತ್ತದೆ, ಪಾಲಿಸ್ಟರ್ ಕೌದಿ ಉಗುಳುತ್ತದೆ ಎಂಬುದು ಅವನ ಸಂಶೋಧನೆ! "ಗ್ವಾಡಿಗೆ ಚಳಿ ಬಡದೈತಿ, ನಮಗ ಬಡದಿಲ್ಲ" ಎನ್ನುತ್ತ ಕಾಕಿ ಆ ಚಳಿಗಾಲವನ್ನು ಎರಡು ತೆಳು ಚಾದರಗಳಲ್ಲಿ ಕಳೆದಳು.

ಐದೂ ಡಬ್ಬಿಗಳ ಸದ್ದು ಸರಿಯಾಗಿ ಕೂಡುವುದು ಪಡಸಾಲೆಯ ಒಂದೇ ಜಾಗದಲ್ಲಿ. ಅಲ್ಲಿ ಕುರ್ಚಿ, ಅದರ ನಾಲ್ಕೂ ಕಾಲಿಗೆ ಸುಣ್ಣದ ಗುರುತು. ಬಂದವರನ್ನು ಅದರಲ್ಲಿ ಕೂರಿಸಿ ಕಾಕಾ ಡಿಸ್ಕು ಹಾಕುತ್ತಾನೆ. ಹಾಡು ಮುಗಿದ ಕೂಡಲೇ ಪರೀಕ್ಷೆ. ಪ್ರಶ್ನೆ ಒಂದೇ: "ಬಲಕ್ಕ ಹಿಂದ ಏನ ಬಂತು?" ಹೇಳಿದ್ದನ್ನು ನೂರು ಪುಟದ ವಹಿಯಲ್ಲಿ ಬರೆದುಕೊಳ್ಳುತ್ತಾನೆ. ನಾನು ಚಿಕ್ಕೋಡಿಯಲ್ಲಿ ಶಾಲಾ ಮಾಸ್ತರಿಣಿ. ವರ್ಷಗಟ್ಟಲೆ ಪ್ರಶ್ನೆ ಬದಲಿಸದ ಪರೀಕ್ಷಕನನ್ನು ಕಂಡು ನಗದೆ ಇರಲು ನನಗೆ ಸಾಧ್ಯವೇ? ಕಾಕಾನ ಆಸೆಯೂ ಒಂದೇ. ಯಾರಾದರೂ ಒಬ್ಬರು ಒಂದು ಆಲ್ಬಂ ಪೂರ್ತಿ ಕೂತು ಕೇಳಿ, ಬಲಕ್ಕೆ ಹಿಂದೆ ಬಂದದ್ದನ್ನೆಲ್ಲ ಹೇಳಬೇಕು. ಒಬ್ಬರೂ ಮೂರನೆಯ ಹಾಡು ದಾಟಲಿಲ್ಲ. ನಾನಂತೂ ಎರಡನೆಯದಕ್ಕೇ "ಬಸ್ಸಿನ ಹೊತ್ತಾತು ಕಾಕಾ" ಎಂದು ಏಳುತ್ತಿದ್ದೆ.

ಒಂದು ಹಾಡಿನ ನಡುವೆ ಯಾರೋ ಬಾಗಿಲು ಬಡಿಯುವ ಸದ್ದಿದೆ, ಅದೂ ಬಲಕ್ಕೆ ಹಿಂದೆ. ಕಾಕಿ ಮೂರು ದಿನ ತವೆಯ ಮೇಲಿನ ರೊಟ್ಟಿ ಬಿಟ್ಟು ಓಡಿ "ಬರ್ರಿ, ಬರ್ರಿ" ಎಂದು ಹಿತ್ತಲ ಬಾಗಿಲು ತೆರೆದಳು. ಹೊರಗೆ ಪಕ್ಕದ ಮನೆಯ ಎಮ್ಮೆ ಬಿಟ್ಟರೆ ಯಾರೂ ಇಲ್ಲ. ನಾಲ್ಕನೆಯ ದಿನ ಪಕ್ಕದ ಮನೆಯಾಕೆ ಹೆಪ್ಪು ಕೇಳಲು ಬಂದು ನಿಜವಾಗಿಯೇ ಬಡಿದಳು. ಕಾಕಿ ಕೂತಲ್ಲಿಂದಲೇ, "ಬಡ್ಕೊ, ಬಡ್ಕೊ. ನಾಕ ಸಲ ಬಡದು ತಾನ ಸುಮ್ನಾಗ್ತೈತಿ, ನನಗ ಗೊತ್ತೈತಿ" ಎಂದಳಂತೆ. ಆ ಎರಡು ಮನೆಗಳ ನಡುವೆ ಒಂದು ತಿಂಗಳು ಮಾತಿರಲಿಲ್ಲ.

ಕಾಕಾನ ಮಗಳನ್ನು ನೋಡಲು ಅಥಣಿ ಕಡೆಯ ಅನಂತಪುರದಿಂದ ಬೀಗರು ಬಂದಾಗಲೂ ಕಾಕಾ ಬಿಡಲಿಲ್ಲ. ಹುಡುಗನ ತಂದೆ ದ್ರಾಕ್ಷಿ ತೋಟದವರು, ಮಿತಭಾಷಿ. ಅವಲಕ್ಕಿ ತಟ್ಟೆ ಸಮೇತ ಅವರನ್ನು ಕುರ್ಚಿಯಲ್ಲಿ ಕೂರಿಸಿದ. ಹಾಡು ಮುಗಿಯುವ ಹೊತ್ತಿಗೆ ಅವಲಕ್ಕಿ ಅರ್ಧ ಧೋತರದ ಮೇಲಿತ್ತು.

"ಬಲಕ್ಕ ಹಿಂದ ಏನ ಬಂತ್ರಿ, ಬೀಗರ?"

ಅವರು ಬಹಳ ಯೋಚಿಸಿ, "ಔಷಧ ಹೊಡಿಯೂ ಪಂಪ್ ಚಾಲೂ ಆದಂಗಾತ್ರಿ" ಎಂದರು. ಕಾಕಾ ಹಿಗ್ಗಿ ಬರೆದುಕೊಂಡ. ಹೊರಗೆ ಬಂದ ಮೇಲೆ ಬೀಗರು ನಮ್ಮ ಅಪ್ಪನ ಕಿವಿಯಲ್ಲಿ, "ಹುಡಿಗಿ ಪಸಂದ ಅದಾಳ್ರಿ. ಲಗ್ನ ಮಾತ್ರ ನಮ್ಮೂರಾಗ ಇಟ್ಕೊಳ್ಳೂಣು" ಎಂದರು. ಹಾಗೆಯೇ ಆಯಿತು.

ಕಾಕಾನಿಗೆ ಇನ್ನೂ ಒಂದು ಚಾಳಿ. ಯಾರ ಜೊತೆ ನಡೆದರೂ ಅವರ ಬಲಕ್ಕೇ ನಡೆಯಬೇಕು. ನಾವು ಮರೆತು ಅವನ ಬಲಕ್ಕೆ ಹೋದರೆ ಸುತ್ತು ಹಾಕಿ ಮತ್ತೆ ನಮ್ಮ ಬಲಕ್ಕೆ ಬರುತ್ತಾನೆ. ಇದನ್ನೂ ನಾವು ಹುಚ್ಚಿನ ಪಟ್ಟಿಗೇ ಸೇರಿಸಿದ್ದೆವು.

ಒಂದು ರವಿವಾರ ಮಧ್ಯಾಹ್ನ ನಾನು ಮತ್ತೆ ಸಿಕ್ಕಿಬಿದ್ದೆ. ಹಾಡು ಮುಗಿಯಿತು, ಪ್ರಶ್ನೆ ಬಂತು.

"ಏನೂ ಬರಲಿಲ್ಲ ಕಾಕಾ."

"ಚಂದಾಗಿ ಕೇಳು ಬಾಳಾ." ಮತ್ತೆ ಹಾಕಿದ. ಮತ್ತೆ ಏನೂ ಇಲ್ಲ. ಎದ್ದು ಆ ಡಬ್ಬಿಯ ಹಿಂದೆ ನೋಡಿದರೆ ಇಲಿ ವೈರನ್ನು ಪೂರ್ತಿ ಕಡಿದು ಹಾಕಿತ್ತು. ತುದಿಯ ತಾಮ್ರ ಹಸಿರುಗಟ್ಟಿತ್ತು, ಕಡಿದು ಎಷ್ಟೋ ದಿನವಾಗಿರಬೇಕು.

"ದಿನಾ ಕೇಳ್ತಿ, ನಿನಗ ಗೊತ್ತಾಗ್ಲಿಲ್ಲೇನು?" ಎಂದು ನಾನು ನಕ್ಕೆ.

ಕಾಕಾ ನಗಲಿಲ್ಲ. ಬಗ್ಗಿ ವೈರಿನ ತುದಿ ಕೈಗೆತ್ತಿಕೊಂಡ. ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದ ಕಾಕಿ ಮೆಲ್ಲಗೆ ಹೇಳಿದಳು. "ಅವರಿಗೆ ಹೆಂಗ ಗೊತ್ತಾಗಬೇಕು? ಕಾರ್ಖಾನ್ಯಾಗ ಮೂವತ್ತು ವರ್ಷ ಬಲಕ್ಕ ಟರ್ಬೈನ್ ಇಟ್ಕೊಂಡು ನಿಂತಾರ. ಈ ಡಬ್ಬಿ ಬಂದ ಮರುವರ್ಷ ಬಲಗಿವಿ ಪೂರ್ತಿ ಹೋತು. ಯಾರಿಗೂ ಹೇಳಬ್ಯಾಡ ಅಂದಿದ್ರು."

"ಮತ್ತ ಆ ವಹಿ?"

"ನೀವೆಲ್ಲಾ ಹೇಳಿದ್ದು ಬರಕೋತಾರ. ಆಮ್ಯಾಲ ತಾವೊಬ್ಬರ ಕೂತು, ಅದನ್ನ ಓದಕೋತ ಹಾಡ ಕೇಳ್ತಾರ."

ನಾನು ವಹಿ ತೆರೆದೆ. ಮಾಸ್ತರಿಕೆಯ ಚಟ, ಮೊದಲು ನನ್ನ ಅಂಕ ಹುಡುಕಿದೆ. ಯಾರಿಗೂ ಅಂಕ ಇರಲಿಲ್ಲ. ಹಾಡಿನ ಹೆಸರು, ಅದರ ಮುಂದೆ ಹೇಳಿದವರ ಹೆಸರು, ಅವರು ಕೇಳಿದ್ದು, ಅಷ್ಟೇ. ಔಷಧದ ಪಂಪು, ಹಿತ್ತಲ ಬಾಗಿಲು. ಎರಡು ಹಾಡುಗಳ ಮುಂದೆ ನನ್ನ ಹೆಸರು, "ಏನೋ ಗಿಟಾರು". ಅದರ ಕೆಳಗೆ ಪುಟ ಖಾಲಿ. ನನಗೆ ನಾಚಿಕೆಯಾಯಿತು. ಪರೀಕ್ಷೆ ಎಂದು ನಗುತ್ತಿದ್ದೆವಲ್ಲ, ಅವನು ತಿಳಿಯಲೆಂದೇ ಕೇಳುತ್ತಿದ್ದ.

ಕಾಕಾ ವೈರು ಜೋಡಿಸಿ, ತಲೆ ಎತ್ತದೆ, "ನಿನ್ನ ಬಸ್ಸಿನ ಹೊತ್ತಾತು" ಎಂದ. ನಾನು ಬಾಯಿ ತೆರೆಯುವುದರೊಳಗೆ ಕಾಕಿ ಕೈಯೊರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತುಬಿಟ್ಟಳು. ಇಷ್ಟು ವರ್ಷದಲ್ಲಿ ಅವಳು ಅದರಲ್ಲಿ ಕೂತದ್ದು ಅದೇ ಮೊದಲು.

"ಹಾಕ್ರಿ. ಮೊದಲಿಂದ ಹಾಕ್ರಿ."

ಹಾಡು ಶುರುವಾಯಿತು. ಕಾಕಾ ಅವಳ ಬಲಕ್ಕೆ ನೆಲದ ಮೇಲೆ ಕೂತ, ನಾನು ಗೋಡೆಗೊರಗಿ ಕೂತೆ. ಕಾಕಿ ಬಲಗೈಯನ್ನು ಹಿಂದಕ್ಕೆ ತೋರಿಸುತ್ತ ಹೇಳತೊಡಗಿದಳು. "ಅಲ್ಲೆ ಯಾರೋ ಮೊರದಾಗ ಜ್ವಾಳಾ ಹಸನ ಮಾಡಾಕತ್ತಾರ್ರಿ. ಈಗ ನಿಂತ್ರು. ಹಾ, ಮತ್ತ ಚಾಲೂ ಮಾಡಿದ್ರು."

ಕಾಕಾ ವಹಿ ತೆರೆಯಲಿಲ್ಲ. ಎಡಗಿವಿಯನ್ನು ಅವಳ ಕಡೆ ಮಾಡಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಮೂರನೆಯ ಹಾಡು ದಾಟಿತು, ನಾಲ್ಕನೆಯದೂ ದಾಟಿತು. ಹೊರಗೆ ಚಿಕ್ಕೋಡಿ ಬಸ್ಸು ಹಾರ್ನ್ ಹೊಡೆದು ಹೋಯಿತು. ನಾನು ಏಳಲಿಲ್ಲ.