ಸಾಹೇಬ್ರು ಎಲ್ಲದಾರ್ರಿ?

ವಿಜಯಪುರದ ದಿನಪತ್ರಿಕೆಯೊಂದಕ್ಕೆ ಮೊದಲ ವರದಿಗಾರ್ತಿಯಾಗಿ ಸೇರಿದಾಗ ನನಗಿದ್ದದ್ದು ಒಂದೇ ಹಟ: ನನ್ನ ಕೆಲಸ ನನ್ನ ಹೆಸರಿನಲ್ಲೇ ನಡೆಯಬೇಕು. ಆದರೆ ನನ್ನೆದುರಿಗೇ ನಿಂತು, ನನ್ನ ಹಿಂದೆ ಒಬ್ಬ ಗಂಡಸನ್ನು ಹುಡುಕುವವರು ಇಂದಿಗೂ ತಪ್ಪಿಲ್ಲ.

ಲಿಂಬೆಹಣ್ಣು

ಸೇರಿದ ವಾರವೇ ಇಟ್ಟಂಗಿಹಾಳದ ರೈತರೊಬ್ಬರು ಕಚೇರಿಗೆ ಬಂದರು. "ವರದಿಗಾರ ಸಾಹೇಬ್ರು ಅದಾರೇನ್ರಿ?"

"ನಾನೇ. ಹೇಳ್ರಿ."

ಟ್ರಾನ್ಸ್‌ಫಾರ್ಮರ್ ಸುಟ್ಟು ತಿಂಗಳಾಗಿತ್ತು. ಎಲ್ಲ ಬರೆದುಕೊಂಡೆ. ಅವರು ಏಳಲಿಲ್ಲ.

"ಮತ್ತೇನು?"

"ಏನಿಲ್ರಿ. ನೀವು ಬರಕೊಂಡ್ರಿ, ಚಲೋ ಆತು. ಸಾಹೇಬ್ರು ಬಂದಮ್ಯಾಲ ಇನ್ನೊಮ್ಮೆ ಹೇಳಿ ಹೋಗ್ತೀನಿ."

ವರದಿ ನನ್ನ ಹೆಸರಿನಲ್ಲೇ ಬಂತು. ಹಿಂದೆಯೇ ಟ್ರಾನ್ಸ್‌ಫಾರ್ಮರೂ ಬಂತು. ಅವರು ಸಂತೋಷದಿಂದ ಒಂದು ಚೀಲ ಲಿಂಬೆಹಣ್ಣು ತಂದಿಟ್ಟರು.

"ಸಾಹೇಬ್ರಿಗೆ ಕೊಡ್ರಿ. ನೀವೂ ಎರಡು ತಗೋರಿ ಅಕ್ಕಾರ."

ಉಡಿ

ಬಬಲೇಶ್ವರದ ಮುಖಂಡರೊಬ್ಬರು ಮನೆಯಲ್ಲೇ ಪತ್ರಿಕಾಗೋಷ್ಠಿ ಕರೆದಿದ್ದರು. ಹೆಂಗಸೆಂದರೆ ನಾನೊಬ್ಬಳೇ. "ಶಾಲೆಯ ಕಟ್ಟಡ ಅರ್ಧಕ್ಕೇ ನಿಂತದ್ದೇಕೆ?" ಎಂದು ಕೇಳಿದೆ.

ಅವರು ಒಳಮನೆಯತ್ತ ತಿರುಗಿ ಕೂಗಿದರು: "ಏ, ಅಕ್ಕಾರು ಮೊದಲ ಸಲ ಮನಿಗೆ ಬಂದಾರ. ಉಡಿ ತುಂಬ್ರಿ!"

ಉಡಿಯನ್ನು ಬೇಡವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಸೆರಗೊಡ್ಡಿದೆ. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಖಣ ಎಲ್ಲ ಬಿದ್ದವು. ಎರಡೂ ಕೈಯಿಂದ ಸೆರಗು ಹಿಡಿದು ನಿಂತೆ. ಪೆನ್ನು ನೆಲದ ಮೇಲಿತ್ತು.

ಮುಖಂಡರು ಆರಾಮಾಗಿ ಒರಗಿದರು. "ಹೂಂ, ಈಗ ಕೇಳ್ರಿ ಅಕ್ಕಾರ. ಹೇಳ್ತೀನಿ, ಬರಕೋರಿ."

ಡ್ರೈವರ್

ಮುಂದೆ ಪಕ್ಷೇತರಳಾಗಿ ಜಿಲ್ಲಾ ಪಂಚಾಯಿತಿಗೆ ನಿಂತೆ. ಟಿಕೋಟಾದ ಮೊದಲ ಸಭೆಯಲ್ಲಿ ಜನ ಭಾಷಣವನ್ನು ನನ್ನಿಂದ ಕೇಳಿ, ಭರವಸೆಯನ್ನು ನಮ್ಮ ಯಜಮಾನರಿಂದ ಕೇಳಿದರು. ಗೆದ್ದರೆ ಕೆಲಸ ನಡೆಸುವವರು ಅವರೇ ಎಂದು ಎಲ್ಲರ ಎಣಿಕೆ. ಅಂದೇ ನಿಯಮ ಮಾಡಿದೆ: ಅವರು ಕಾರು ಓಡಿಸಬೇಕು, ಕೆಳಗಿಳಿಯಬಾರದು, ಬಾಯಿ ತೆರೆಯಬಾರದು. ನಾನು ಹಿಂದಿನ ಸೀಟಿನಲ್ಲಿ.

ಅರಕೇರಿಯಲ್ಲಿ, ಪಂಚಾಯಿತಿ ಇಂಜಿನಿಯರ್ ಅರ್ಧಕ್ಕೇ ಬಿಟ್ಟ ನೀರಿನ ಟ್ಯಾಂಕಿನ ಕೆಲಸ ಮಾಡಿಸುತ್ತೇನೆ ಎಂದೆ. ಹೆಂಗಸರು ನನ್ನ ಭಾಷಣವನ್ನು ಪೂರ್ತಿ ಕೇಳಿದರು. ಕೊನೆಗೆ ಒಬ್ಬ ಮುದುಕಿ ಎದ್ದಳು. "ಎಲ್ಲಾ ಖರೇ ಯವ್ವಾ. ಆದ್ರ ಆ ಇಂಜಿನಿಯರ್ ಹೆಣ್ಮಗಳ ಮಾತು ಕೇಳ್ತಾನೇನು? ನಿನ್ನ ಗಂಡನ್ನ ಕರಿ, ನೋಡೂಣು."

ಎಲ್ಲರೂ ತಲೆಯಾಡಿಸಿದರು. ಚುನಾವಣೆ ಅಲ್ಲಿಗೇ ಮುಗಿಯಿತೆಂದುಕೊಂಡೆ. ಆದರೂ ಸುಳ್ಳು ಹೇಳಲಿಲ್ಲ, ಕಾರು ತೋರಿಸಿದೆ.

"ಆಂ? ಆ ಡ್ರೈವರಾ?" ಮುದುಕಿ ನೇರ ಕಾರಿನ ಬಳಿ ಹೋದಳು. "ಯಪ್ಪಾ, ಕೆಳಗ ಇಳಿ, ಮಾತಾಡೂಣು."

ಅವರು ನನ್ನತ್ತ ನೋಡಿದರು. ನಾನು ನೋಡಿದೆ. ಅವರು ಇಳಿಯಲಿಲ್ಲ.

"ಚಾ ಆದ್ರೂ ಕುಡೀತಿಯೇನು?"

ಮತ್ತೆ ನನ್ನತ್ತ ನೋಡಿದರು.

ಅರಕೇರಿಯ ಮತಗಳು ನನಗೆ ಬಂದದ್ದು ಭಾಷಣದಿಂದಲ್ಲ, ಮುದುಕಿ ತಿರುಗಿ ಬಂದು ಕೂಗಿ ಹೇಳಿದ ಮಾತಿನಿಂದ:

"ಈಕಿಗೇ ಹಾಕ್ರಿ ಬೇ! ಕಟಗೊಂಡ ಗಂಡನ್ನೇ ಹಿಂಗ ಇಟ್ಟಾಳ, ಆ ಇಂಜಿನಿಯರ್ ಯಾವ ಗಿಡದ ತಪ್ಪಲ!"