ನಾನು ಜ್ವರಕ್ಕೆ ಕೂತದ್ದು

ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳುವವರೆಲ್ಲ ತಮಗೆ ಹಿಡಿಸಿದ ವಿಶ್ರಾಂತಿಯನ್ನೇ ನಮ್ಮ ತಲೆಗೆ ಕಟ್ಟುತ್ತಾರೆ. ಒಬ್ಬರ ಅಂಗಿ ಇನ್ನೊಬ್ಬರಿಗೆ ಸರಿಹೋಗುವುದಿಲ್ಲವೆಂದು ಎಲ್ಲರಿಗೂ ಗೊತ್ತು. ವಿಶ್ರಾಂತಿಗೂ ಅಳತೆ ಉಂಟೆಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ನನಗೆ ಹೊಳೆದದ್ದು ಕೂಡ ನನ್ನ ಜಾಣತನದಿಂದಲ್ಲ, ರೇಷ್ಮೆ ಹುಳುಗಳ ದಯೆಯಿಂದ.

ನಾನು ಚನ್ನಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತ. ನನ್ನ ಅನ್ನ ನನ್ನ ಕೈಬರಹದಲ್ಲಿದೆ. ಆ ವರ್ಷ ಜಮಾಬಂದಿಯ ಕಂದಾಯ ಲೆಕ್ಕದ ಕೆಲಸ ಮುಗಿಯುವ ಹೊತ್ತಿಗೆ ಕೈ ನಡುಗತೊಡಗಿತು. ‘ತಮ್ಮ ವಿಧೇಯ ಸೇವಕ’ ಎಂದು ಬರೆಯಹೊರಟರೆ ವಿಧೇಯ ಸಾಲಿನಲ್ಲೇ ನಿಲ್ಲುತ್ತಿದ್ದ, ಸೇವಕ ಮಾತ್ರ ಜಾರಿ ಕೆಳಗಿನ ಸಾಲಿಗೆ ಇಳಿಯುತ್ತಿದ್ದ. ಅಮಲ್ದಾರರು ಕಾಗದವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ಕೊನೆಗೆ ಹದಿನೈದು ದಿನ ರಜ ಕೊಟ್ಟರು. ಅಷ್ಟರಲ್ಲಿ ಕೈ ನೆಟ್ಟಗಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದರು. ಮೆತ್ತಗೆ ಹೇಳಿದ್ದರಿಂದಲೇ ನನಗೆ ಹೆಚ್ಚು ಭಯವಾಯಿತು.

ಸಲಹೆಗಳಿಗೆ ಬರವಿರಲಿಲ್ಲ. ನಮ್ಮ ಶಿರಸ್ತೇದಾರರಿಗೆ ವಿಶ್ರಾಂತಿಯೆಂದರೆ ಮಾಗಡಿ ಕಡೆ ಹೋಗಿ ಸಾವನದುರ್ಗ ಹತ್ತುವುದು. ನಾನೂ ಹತ್ತಿದೆ. ಇಳಿದು ಬಂದಾಗ ಕೈಯ ಜತೆ ಕಾಲೂ ನಡುಗುತ್ತಿತ್ತು. ಪಕ್ಕದ ಮನೆಯ ರಹೀಮ್ ಸಾಹೇಬರು ಬೊಂಬೆ ಮಾಡುವವರು. ಅವರು ಶುಕ್ರವಾರ ನಮಾಜು ಮುಗಿಸಿ ಬಂದು, ಯಾರಿಗೂ ಮಾರಲಿಕ್ಕಲ್ಲದ ಒಂದು ಬುಗುರಿ ಕಡೆದು ಬಣ್ಣ ಹಚ್ಚಿ, ಅದನ್ನು ತಾವೇ ಆಡಿಸಿ ನೋಡಿ ಎದ್ದುಬಿಡುತ್ತಿದ್ದರು. ಅದೇ ಅವರಿಗೆ ವಾರದ ವಿಶ್ರಾಂತಿ. ಪ್ರೀತಿಯಿಂದ ನನ್ನ ಕೈಗೂ ಉಳಿ ಕೊಟ್ಟರು. ನಾನು ಕಡೆದ ಬುಗುರಿ ನಿಂತಲ್ಲಿ ನಿಲ್ಲದೆ ನನ್ನ ಅಕ್ಷರದ ಹಾಗೆಯೇ ಓಲಾಡಿತು.

ಕೊನೆಗೆ ನನ್ನ ಹೆಂಡತಿ ನಿಂಗಮ್ಮ ನನ್ನನ್ನು ಗಾಡಿ ಹತ್ತಿಸಿ ಹೊಂಗನೂರಿನ ತನ್ನ ತವರಿಗೆ ಕಳಿಸಿದಳು. ಅವಳ ಅಣ್ಣ ಚಿಕ್ಕಣ್ಣನದು ರೇಷ್ಮೆ ಸಾಕುವ ಮನೆ. ಹೊಂಗೆ ಮರದ ನೆರಳಲ್ಲಿ ಮಂಚ ಹಾಕಿ ನನ್ನನ್ನು ಮಲಗಿಸಿದರು. ಕಚೇರಿಯವರು ಬಂದಿದ್ದಾರೆಂದು ಊರಿಗೆಲ್ಲ ತಿಳಿಯಿತು. ಆರೋಗ್ಯ ವಿಚಾರಿಸಲು ಬಂದವರ ಪಂಚೆಯ ಮಡಿಲಿನಿಂದ ಒಂದೊಂದು ಕಾಗದ ಹೊರಬರುತ್ತಿತ್ತು. ನಾಲ್ಕು ದಿನದಲ್ಲಿ ಆ ಮಂಚದ ಮೇಲೆ ನಾನು ಬರೆದಷ್ಟು ಅರ್ಜಿಯನ್ನು ಕಚೇರಿಯಲ್ಲೂ ಬರೆದಿರಲಿಕ್ಕಿಲ್ಲ. ನನಗೆ ಮಾತೆಂದರೆ ಇಷ್ಟ, ಜನರ ನಡುವೆಯೇ ನನ್ನ ಜೀವ ಎಂದು ಅಲ್ಲಿಯವರೆಗೆ ನಾನೇ ನಂಬಿದ್ದೆ.

ಐದನೆಯ ದಿನ ಬೆಳಿಗ್ಗೆ ಒಳಗಿನಿಂದ ಚಿಕ್ಕಣ್ಣನ ಹೆಂಡತಿಯ ದನಿ ಕೇಳಿಸಿತು.

“ಎಲ್ಲಕ್ಕೂ ಜ್ವರ ಬಂದ್ಬುಟ್ಟೈತೆ. ಯಾರ್ನೂ ಒಳೀಕೆ ಬುಡಬ್ಯಾಡಿ.”

ಪ್ಲೇಗಿನ ನೆನಪು ಇನ್ನೂ ಹಸಿಯಾಗಿದ್ದ ಕಾಲ. ‘ಎಲ್ಲರಿಗೂ’ ಎನ್ನದೆ ‘ಎಲ್ಲಕ್ಕೂ’ ಎಂದದ್ದನ್ನು ಅಕ್ಷರ ಅಕ್ಷರ ನೋಡಿ ನಕಲು ಮಾಡುವ ನಾನಾದರೂ ಗಮನಿಸಬೇಕಿತ್ತು. ಗಮನಿಸಲಿಲ್ಲ. ಹಾಸಿಗೆ ಸುತ್ತಿ ಬಗಲಲ್ಲಿಟ್ಟುಕೊಂಡು, ಚಪ್ಪಲಿಯನ್ನೂ ಮರೆತು ಬೀದಿಯ ತಿರುವಿನವರೆಗೆ ಹೋಗಿದ್ದೆ. ಚಿಕ್ಕಣ್ಣ ಓಡಿಬಂದು ತಡೆದ.

“ಜ್ವರ ಬಂದಿರೋದು ಹುಳಕ್ಕೆ ಕಣ್ ಭಾವ. ನಾಕ್ನೇ ಜ್ವರ. ಒಳ್ಳೇದೇ ಆಯ್ತು, ಬನ್ನಿ.”

ಜ್ವರವೆಂದರೆ ಅಲ್ಲಿ ಹುಳುವಿನ ವಿಶ್ರಾಂತಿಯಂತೆ. ಬೆಳೆಯುವಾಗ ನಾಲ್ಕು ಸಲ, ಪೊರೆ ಬಿಡುವ ಮುನ್ನ, ಹುಳು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಆ ಒಂದು ದಿನ, ಒಂದೂವರೆ ದಿನ, ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ, ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಕೇಳುತ್ತ ಕೇಳುತ್ತ ನನಗೆ ಹೊಟ್ಟೆಕಿಚ್ಚಾಯಿತು. ನನ್ನನ್ನೂ ಒಂದು ಹುಳುವೆಂದುಕೊಂಡು ಒಳಗೆ ಬಿಡಿ ಎಂದು ಅಂಗಲಾಚಿದೆ. ಚಿಕ್ಕಣ್ಣ ಕೈಕಾಲು ತೊಳೆಸಿ, ಹುಳುವಿನ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಟ್ಟ.

ಅರೆಗತ್ತಲು, ಸೊಪ್ಪಿನ ವಾಸನೆ, ತಟ್ಟೆ ತುಂಬ ತಲೆಯೆತ್ತಿ ಕೂತ ಜೀವಗಳು. ಅವುಗಳಲ್ಲಿ ಒಂದಕ್ಕೂ ಅರ್ಜಿ ಬರೆಸಬೇಕಾಗಿರಲಿಲ್ಲ. ಯಾರೊಂದಿಗೂ ಮಾತಾಡದೆ ಇರುವುದು ಎಷ್ಟು ಸುಖವೆಂದು ಆ ದಿನ ತಿಳಿಯಿತು. ಸುಖದಿಂದ ಅತ್ತೂಬಿಟ್ಟೆ, ಆಮೇಲೆ ನಿದ್ದೆ ಹೋದೆ. ಹುಳುಗಳು ಜ್ವರ ಬಿಟ್ಟೆದ್ದು ಚರಚರ ಸೊಪ್ಪು ತಿನ್ನತೊಡಗಿದರೂ ನಾನು ಏಳಲಿಲ್ಲ. ರಜ ಮುಗಿಯುವವರೆಗೂ ಅದೇ ಮೂಲೆಯಲ್ಲಿದ್ದೆ. ಕಚೇರಿಗೆ ಮರಳಿ ಬರೆದ ಮೊದಲ ಕಾಗದದಲ್ಲಿ ಸೇವಕ ಸಾಲು ಬಿಟ್ಟು ಕದಲಲಿಲ್ಲ. ಅಮಲ್ದಾರರು ಅದನ್ನು ಒಂದೇ ಸಲ ನೋಡಿ ಕೆಳಗಿಟ್ಟರು.

ಸಿಕ್ಕ ವಿದ್ಯೆಯನ್ನು ಬಿಡಬಾರದೆಂದು ಮುಂದಿನ ಭಾನುವಾರ ಮನೆಯಲ್ಲಿ, ಇವತ್ತು ನನಗೆ ಜ್ವರ, ಯಾರೂ ಮಾತಾಡಿಸಬಾರದು ಎಂದು ಸಾರಿ ಕೋಣೆಯ ಬಾಗಿಲು ಹಾಕಿಕೊಂಡೆ. ಯಾರೂ ಮಾತಾಡಿಸಲಿಲ್ಲ. ಕಾಫಿಯೂ ಬರಲಿಲ್ಲ, ಊಟಕ್ಕೂ ಕರೆಯಲಿಲ್ಲ. ಮಧ್ಯಾಹ್ನ ಇಳಿಹೊತ್ತಾದಾಗ ತಡೆಯಲಾರದೆ ಹೊರಗೆ ಬಂದು ಕೇಳಿದೆ. ನಿಂಗಮ್ಮ ಹುಳುವಿನ ಮನೆಯಲ್ಲಿ ಹುಟ್ಟಿ ಬೆಳೆದವಳು.

“ಜ್ವರಕ್ಕೆ ಕೂತಿರೋದಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರಾ?” ಎಂದಳು.

ಬಡಿಸುತ್ತ, ಈ ಜ್ವರ ಬರೇ ಗಂಡಸರಿಗೇ ಬರೋದಾ ಎಂದೂ ಕೇಳಿದಳು. ನಾನು ಉದಾರವಾಗಿ, ಹಾಗೇನಿಲ್ಲ, ಯಾರಿಗೆ ಬೇಕಾದರೂ ಬರಬಹುದು ಎಂದೆ. ಹಸಿದವನು ಅನ್ನ ಕಂಡಾಗ ಏನು ಬೇಕಾದರೂ ಒಪ್ಪುತ್ತಾನೆ.

ಅದರ ಮುಂದಿನ ಭಾನುವಾರ ನಾನೆದ್ದಾಗ ಒಲೆ ತಣ್ಣಗಿತ್ತು. ನಿಂಗಮ್ಮ ಮೂಲೆಯ ಚಾಪೆಯ ಮೇಲೆ ಗೋಡೆಗೊರಗಿ, ತಲೆಯೆತ್ತಿ, ಕಣ್ಣು ಮುಚ್ಚಿ ಕೂತಿದ್ದಳು. ಮದುವೆಯಾದಂದಿನಿಂದ ಅವಳ ಮುಖ ಅಷ್ಟು ಸಮಾಧಾನದಿಂದ ಇದ್ದದ್ದನ್ನು ನಾನು ಕಂಡಿರಲಿಲ್ಲ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಸದ್ದಿಲ್ಲದೆ ಒಲೆ ಹೊತ್ತಿಸಿ ಎಸರಿಟ್ಟೆ. ಜ್ವರಕ್ಕೆ ಕೂತವರನ್ನು ಮಾತಾಡಿಸಬಾರದೆಂಬ ನಿಯಮ ತಂದವನು ನಾನೇ. ಆದ್ದರಿಂದ ಉಪ್ಪು ಎಲ್ಲಿಟ್ಟಿದ್ದಾಳೆಂದು ಕೇಳುವ ಹಾಗಿರಲಿಲ್ಲ.